ಜಾರ್ಜ್ ನಮ್ಮವರೆಂದು ಹೇಳಿಕೊಳ್ಳುವ ಮುನ್ನ

ದೆಹಲಿಯ ಕನ್ನಡಿಗರಾದ ನಾವು ಜಾರ್ಜ್ ಫರ್ನಾಂಡಿಸರ ಮಾತು ಬಂದಾಗಲೆಲ್ಲ, ಮಂಗಳೂರಿನವರೊಬ್ಬರು ದೇಶದ ರಕ್ಷಣಾ ಸಚಿವರಾಗಿದ್ದರೆಂದು ಹಿಗ್ಗುತ್ತೇವೆ. ಹುದ್ದೆಯಿಂದ ಮನುಷ್ಯನನ್ನು ಅಳೆಯುವುದು ರಾಜಧಾನಿ ನಮಗೆ ಅಂಟಿಸಿದ ಚಾಳಿ. ಪೇ ಲೆವೆಲ್ ತಿಳಿಯದೆ ನೆರೆಮನೆಯವರೊಡನೆ ಸ್ನೇಹ ಬೆಳೆಸಲೂ ಹಿಂಜರಿಯುವವರು ನಾವು. ಜಾರ್ಜರ ವಿಷಯದಲ್ಲಂತೂ ಈ ಅಳತೆ ಪೂರ್ತಿ ತಲೆಕೆಳಗಾಗಿದೆ.

1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಮಿನರಿಯನ್ನು ತೊರೆದು, 1949ರಲ್ಲಿ ಕೆಲಸ ಅರಸಿ ಮುಂಬಯಿ ಸೇರಿದರು; ಚೌಪಾಟಿಯ ಬೆಂಚುಗಳ ಮೇಲೆ ರಾತ್ರಿ ಕಳೆದರು. ಕಾರ್ಮಿಕ ಸಂಘಗಳನ್ನು ಕಟ್ಟಿ, 1961ರಲ್ಲಿ ಅಲ್ಲಿನ ಮಹಾನಗರಪಾಲಿಕೆಗೂ 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೂ ಆಯ್ಕೆಯಾದರು.

ಕೇಂದ್ರ ಸರ್ಕಾರಿ ನೌಕರರಾದ ನಮಗೆ ಮುಖ್ಯವಾಗಬೇಕಾದದ್ದು 1974ರ ರೈಲ್ವೆ ಮುಷ್ಕರ. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದ ಜಾರ್ಜರನ್ನು ಸರ್ಕಾರ ಮೇ 2ರಂದೇ ಲಖನೌನಲ್ಲಿ ಬಂಧಿಸಿತು. ಆದರೂ ಮೇ 8ರಂದು ಲಕ್ಷಾಂತರ ನೌಕರರು ಕೆಲಸ ನಿಲ್ಲಿಸಿದರು. ಎಂಟು ಗಂಟೆಯ ದುಡಿಮೆ, ಬೋನಸ್ಸು: ಅವರು ಕೇಳಿದ್ದು ಇಂಥವನ್ನೇ. ಸಾವಿರಾರು ಜನ ಸೆರೆಮನೆ ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಕ್ವಾರ್ಟರ್ಸುಗಳಿಂದ ಹೆಂಗಸರು ಮಕ್ಕಳನ್ನು ಪಾತ್ರೆಪಡಗಗಳ ಸಮೇತ ಹೊರಹಾಕಲಾಯಿತು. ಮೇ 27ರಂದು ಮುಷ್ಕರ ಬರಿಗೈಯಲ್ಲಿ ಮುಗಿಯಿತು. ಆದರೆ 1979-80ರ ಸಾಲಿಗೆ ರೈಲ್ವೆಯವರಿಗೆ ಬೋನಸ್ಸು ಬಂತು, ಅನಂತರ ಉಳಿದ ಇಲಾಖೆಗಳಿಗೂ ಬಂತು. ದಸರೆ ಸಮೀಪಿಸಿದಾಗ ಬೋನಸ್ಸಿನ ಆದೇಶ ಬಂತೇ ಎಂದು ದಿನಕ್ಕೆರಡು ಬಾರಿ ವಿಚಾರಿಸುವ ನಾವು, ಆ ಹಣದ ಹಿಂದೆ ಯಾರ ಮನೆಯ ಪಾತ್ರೆಗಳು ಬೀದಿಗೆ ಬಿದ್ದಿದ್ದವೆಂದು ಕೇಳುವುದಿಲ್ಲ.

ಪೋಖ್ರಾನ್, ಕಾರ್ಗಿಲ್, ಸಿಯಾಚಿನ್ ಎಂದು ಕೆಲವರು ನೆನಪಿಸಿಯಾರು. ನೆನಪಿಸಲಿ. ಜೊತೆಗೆ, 2004ರ ಜನವರಿ 1ರಿಂದ ಸೇವೆಗೆ ಸೇರಿದವರ ಹಳೆಯ ಪಿಂಚಣಿಯನ್ನು ಕಿತ್ತುಕೊಂಡ ಸರ್ಕಾರದಲ್ಲಿ ರಕ್ಷಣಾ ಸಚಿವರಾಗಿದ್ದವರೂ ಜಾರ್ಜರೇ ಎಂಬುದನ್ನು ನೆನಪಿಡಲಿ. ಸೇನಾಪಡೆಗಳನ್ನು ಹೊಸ ಯೋಜನೆಯಿಂದ ಹೊರಗಿಡಲಾಯಿತು, ನಮ್ಮನ್ನು ಇಡಲಿಲ್ಲ. ಗುಮಾಸ್ತನ ಬೋನಸ್ಸಿಗಾಗಿ ಸೆರೆಮನೆಗೆ ಹೋದವರು ಗುಮಾಸ್ತನ ಪಿಂಚಣಿ ಹೋಗುವಾಗ ಸಂಪುಟದಲ್ಲಿ ಕುಳಿತಿದ್ದರು. ನಾವು ಫೋಟೋ ಹಾಕಿ ಹೂಮಾಲೆ ಏರಿಸುವುದು ಈ ಎರಡನೆಯವರಿಗೆ.

ಇನ್ನು 'ನಮ್ಮವರು' ಎಂಬ ಹಕ್ಕಿನ ಮಾತು. ಮುಂಬಯಿ ಅವರನ್ನು ಗೆಲ್ಲಿಸಿತು. 1977ರಲ್ಲಿ ಅವರು ಸೆರೆಯಲ್ಲಿದ್ದಾಗಲೇ, ಅವರ ಭಾಷೆಯೂ ಜಾತಿಯೂ ಅಲ್ಲದ ಬಿಹಾರದ ಮುಜಫ್ಫರಪುರ ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆಲ್ಲಿಸಿತು. 1984ರಲ್ಲಿ ಬೆಂಗಳೂರು ಉತ್ತರದಿಂದ ನಿಂತಾಗ ಕನ್ನಡ ನಾಡು ಸೋಲಿಸಿತು. ಸೋಲಿಸುವುದು ಮತದಾರರ ಹಕ್ಕು, ಅದರಲ್ಲಿ ತಕರಾರಿಲ್ಲ. ಸೋಲಿಸಿದ ಮೇಲೆ ಪೇಟ ತೊಡಿಸಲು ಓಡುವುದೇಕೆ?

ಮುಂದಿನ ಮೇ 8ರಂದು ದೆಹಲಿಯ ಯಾವುದಾದರೊಂದು ಕನ್ನಡ ಸಭೆಯಲ್ಲಿ ಆ ಮುಷ್ಕರದ ಹೆಸರು ಕೇಳಿಬರಲಿ. ಬೋನಸ್ಸಿನ ಆದೇಶಕ್ಕೆ ಆಗ ಇನ್ನೂ ಐದು ತಿಂಗಳಿರುತ್ತದೆ.