ಭಾರತ–ಪಾಕಿಸ್ತಾನ: ಮಾತುಕತೆಗೆ ಅವಕಾಶವುಂಟೆ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡದ ಗಾದೆ. ಭಾರತ–ಪಾಕಿಸ್ತಾನಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಉತ್ತರಾರ್ಧದಲ್ಲಿ ಸಂಶಯ ಮೂಡಿದರೆ ಆಶ್ಚರ್ಯವಿಲ್ಲ. 1966ರಲ್ಲಿ ತಾಷ್ಕೆಂಟ್, 1972ರಲ್ಲಿ ಶಿಮ್ಲಾ, 1999ರಲ್ಲಿ ಲಾಹೋರ್, 2001ರಲ್ಲಿ ಆಗ್ರಾ—ಹೀಗೆ ಉಭಯ ರಾಷ್ಟ್ರಗಳ ನಾಯಕರು ಮಾತಾಡಿದ್ದು ಕಡಮೆಯೇನಲ್ಲ. ಜಗಳ ಮಾತ್ರ ತೀರಿಲ್ಲ.

ಮಾತುಕತೆಯೇ ಬೇಡವೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲಾಹೋರ್ ಘೋಷಣೆಯ ಮಸಿ ಆರುವ ಮೊದಲೇ ಕಾರ್ಗಿಲ್ ಯುದ್ಧ ಬಂದಿತು. 2008ರ ನವೆಂಬರಿನಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಗುಂಡಿನ ಮಳೆಗರೆದ ರಾತ್ರಿಯನ್ನು ಮುಂಬಯಿ ಕನ್ನಡಿಗರು ಮರೆಯಲಾರರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಹತರಾದ 26 ಮಂದಿಯಲ್ಲಿ ಕರ್ನಾಟಕದವರೂ ಇದ್ದರು. ಭಯೋತ್ಪಾದನೆಯೂ ಮಾತುಕತೆಯೂ ಜೊತೆಯಾಗಿ ಸಾಗಲಾರವೆಂಬ ಭಾರತ ಸರಕಾರದ ನಿಲುವು ಇಂತಹ ಅನುಭವದಿಂದಲೇ ಹುಟ್ಟಿದ್ದು.

ಆದರೂ ಗಮನಿಸಬೇಕಾದ ಸಂಗತಿಯೊಂದಿದೆ. 1988ರ ಒಪ್ಪಂದದಂತೆ, 1992ರಿಂದ ಪ್ರತಿವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಮುಂಬಯಿ ದಾಳಿ ನಡೆದು 40 ದಿನ ತುಂಬುವ ಮೊದಲೇ ಬಂದ 2009ರ ಜನವರಿ 1ರಂದೂ ಈ ಕ್ರಮ ತಪ್ಪಲಿಲ್ಲ. 2008ರ ಒಪ್ಪಂದದಂತೆ ಬಂದಿಗಳ ಪಟ್ಟಿಗಳು ಜನವರಿ ಮತ್ತು ಜುಲೈ ತಿಂಗಳ ಮೊದಲ ದಿನ ಕೈಬದಲಾಗುತ್ತವೆ. 2025ರ ಮೇ ತಿಂಗಳ ಸಂಘರ್ಷದ ಬಳಿಕ, ಅದೇ ಜುಲೈ 1ರಂದೂ ಅವು ಕೈಬದಲಾದವು. ಆ ಸಂಘರ್ಷವಾದರೂ ನಿಂತದ್ದು ಮೇ 10ರಂದು ಉಭಯ ಸೇನೆಗಳ ಕಾರ್ಯಾಚರಣೆ ಮಹಾನಿರ್ದೇಶಕರು ದೂರವಾಣಿಯಲ್ಲಿ ಮಾತಾಡಿದ ಮೇಲೆಯೇ.

ಮಹಾ ಸಮ್ಮೇಳನಗಳು ಸೋತಲ್ಲಿ ಈ ಕಿರಿಯ ಏರ್ಪಾಡುಗಳು ಬಾಳಿದ್ದೇಕೆ? ಅವುಗಳಿಗೆ ಗೊತ್ತಾದ ದಿನಾಂಕವಿದೆ, ಲಿಖಿತ ಪಟ್ಟಿಯಿದೆ, ಹೊಣೆಹೊತ್ತ ಅಧಿಕಾರಿಯಿದ್ದಾನೆ. ಅವು ಸ್ನೇಹವನ್ನು ನಿರೀಕ್ಷಿಸುವುದಿಲ್ಲ; ನಡೆದ ಅಪರಾಧವನ್ನು ಮನ್ನಿಸುವುದೂ ಇಲ್ಲ. ಸಾಲ ತೀರಿಸದವನಿಗೆ ಯಾರೂ ಮತ್ತೆ ದೊಡ್ಡ ಮೊತ್ತ ಕೊಡರು, ನಿಜ. ಆದರೆ ಅವನ ಖಾತೆಯನ್ನೇ ಮುಚ್ಚಿಬಿಟ್ಟರೆ ಬರಬೇಕಾದ ಕಂತು ಜಮೆಯಾಗುವುದಾದರೂ ಎಲ್ಲಿ?

ಆದುದರಿಂದ ಕಾಶ್ಮೀರದ ಪ್ರಶ್ನೆ ಒಂದೇ ಬೈಠಕ್ಕಿನಲ್ಲಿ ಬಗೆಹರಿಯುವುದೆಂಬ ಆಸೆ ವ್ಯರ್ಥ. ಸಿಂಧೂ ಜಲ ಒಪ್ಪಂದವನ್ನು ಭಾರತವು 2025ರಲ್ಲಿ ತಡೆಹಿಡಿದ ಮೇಲಂತೂ ಆ ದಾರಿ ಇನ್ನೂ ದುರ್ಗಮವಾಗಿದೆ. ಭಯೋತ್ಪಾದಕರಿಗೆ ಪಾಕಿಸ್ತಾನ ಆಶ್ರಯ ನೀಡುವುದು ನಿಲ್ಲದೆ ಅಲ್ಲಿ ಮುಂದಡಿಯಿಡುವುದು ಸಾಧ್ಯವಿಲ್ಲ.

ಆದರೆ ಮೀನುಗಾರರ ಪ್ರಶ್ನೆ ಅದಕ್ಕಾಗಿ ಕಾಯಬೇಕಾಗಿಲ್ಲ. ಗುಜರಾತದಿಂದಲೂ ಸಿಂಧ್‌ನಿಂದಲೂ ಹೊರಟ ಬಡವರು ಸಮುದ್ರದಲ್ಲಿ ಕಾಣದ ಗಡಿಯನ್ನು ದಾಟಿ ಸೆರೆಮನೆ ಸೇರುತ್ತಾರೆ. ಶಿಕ್ಷೆಯ ಅವಧಿ ಮುಗಿದರೂ ಮನೆ ಸೇರದವರುಂಟು. ಇಂತಹವರ ಸ್ಥಿತಿಗತಿ ನೋಡಲು ಉಭಯ ದೇಶಗಳ ನಿವೃತ್ತ ನ್ಯಾಯಾಧೀಶರ ಸಮಿತಿಯೊಂದು 2007ರಲ್ಲಿ ರಚಿತವಾಗಿತ್ತು. ಅದಕ್ಕೆ ಮರುಜೀವ ನೀಡುವುದರಿಂದ ಯಾವ ದೇಶದ ಮಾನವೂ ಕುಂದದು, ಭದ್ರತೆಯೂ ಸಡಿಲವಾಗದು.

ಮಾತು ಬಲ್ಲವನೆಂದರೆ ಹೆಚ್ಚು ಮಾತಾಡುವವನಲ್ಲ. ಆಡಿದ ಸಣ್ಣ ಮಾತನ್ನು ಗೊತ್ತಾದ ದಿನ ನಡೆಸಿಕೊಡುವವನು. ಗಾದೆಯ ಉತ್ತರಾರ್ಧವನ್ನು ಹೀಗೆ ಅರ್ಥೈಸಿದರೆ, ಅದು ಇನ್ನೂ ಸುಳ್ಳಾಗಿಲ್ಲ.