ಒಂದೇ ಇಂಜೆಕ್ಷನ್ನು, ನ್ಯುಮೋನಿಯಾ ಮಾಯ?

ನಮ್ಮ ಸಿನಿಮಾ ಡಾಕ್ಟರ ಬ್ಯಾಗಿನಲ್ಲಿ ಇರೋದು ಒಂದೇ ಇಂಜೆಕ್ಷನ್ನು. ನಾಯಕನ ತಾಯಿ ಮಳೇಲಿ ನೆನೆದು ಮಲಗಲಿ, ನಾಯಕಿ ಸೀರೆ ಸಮೇತ ಹೊಳೆಗೆ ಬೀಳಲಿ, ಅದೇ ಸೂಜಿ! ಚುಚ್ಚಿ, ಕನ್ನಡಕ ತೆಗೆದು, “ಬೆಳಗಿನವರೆಗೆ ಏನೂ ಹೇಳೋಕಾಗಲ್ಲ” ಅಂತಾರೆ. ಬೆಳಗಾಗುತ್ತೆ, ತಾಯಿ ಕಣ್ಣು ಬಿಡ್ತಾಳೆ, ಹಾಡು ಶುರು!

ಥಿಯೇಟರಿನಾಚೆ ಹಾಗಲ್ಲ ಸ್ವಾಮಿ. ನ್ಯುಮೋನಿಯಾ ಅಂದರೆ ಒಬ್ಬ ವಿಲನ್ ಅಲ್ಲ, ಒಂದೇ ಮೇಕಪ್ಪಿನಲ್ಲಿ ಬರುವ ಹಲವರು. ಹೆಚ್ಚಾಗಿ ಸಿಕ್ಕಿಬೀಳುವವನು ನ್ಯುಮೋಕಾಕಸ್. ಇವನಿಗೆ ಸಾಮಾನ್ಯವಾಗಿ ಪೆನಿಸಿಲಿನ್, ಇಲ್ಲವೇ ಅದರ ತಮ್ಮ ಅಮಾಕ್ಸಿಸಿಲಿನ್. ರೋಗಾಣು ತನ್ನ ಸುತ್ತ ಗೋಡೆ ಕಟ್ಟದಂತೆ ತಡೆದು ಕೊಲ್ಲುವ ಮದ್ದು ಇದು. ಆದರೆ ಮೈಕೋಪ್ಲಾಸ್ಮಾ ಅನ್ನೋನಿಗೆ ಗೋಡೆಯೇ ಇಲ್ಲ! ಪೆನಿಸಿಲಿನ್ ಕೆಡವೋದಾದರೂ ಏನನ್ನು? ಇವನಿಗೆ ಅಜಿತ್ರೊಮೈಸಿನ್ನೋ ಡಾಕ್ಸಿಸೈಕ್ಲಿನ್ನೋ ಬೇಕು. ವೈರಸ್ಸಿನಿಂದ ಬಂದದ್ದಾದರೆ ಇವ್ಯಾವುವೂ ನಾಟೋಲ್ಲ.

ಎಲ್ಲರಿಗಿಂತ ಖದೀಮನ ಕಥೆ ಅಮೆರಿಕದ ಫಿಲಡೆಲ್ಫಿಯಾದ್ದು. 1976ರ ಜುಲೈ. ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ. ಮುಗಿಸಿಕೊಂಡು ಊರಿಗೆ ಹೋದವರು ಜ್ವರ, ಕೆಮ್ಮು ಅಂತ ಒಬ್ಬೊಬ್ಬರಾಗಿ ಮಲಗಿದರು. ಹೋಟೆಲಿನ ಹತ್ತಿರ ಓಡಾಡಿದವರೂ ಸೇರಿ 34 ಮಂದಿ ಸತ್ತರು. ಕೊಂದವನ ಸುಳಿವೇ ಇಲ್ಲ! ಕೊನೆಗೆ 1977ರ ಜನವರಿಯಲ್ಲಿ ಜೋಸೆಫ್ ಮ್ಯಾಕ್‌ಡೇಡ್ ಎಂಬ ವಿಜ್ಞಾನಿ ಹಿಡಿದರು. ಹೆಸರು ಲೀಜನೆಲ್ಲಾ. ವಾಸ ನೀರಿನಲ್ಲಿ, ದೊಡ್ಡ ಕಟ್ಟಡಗಳ ಏರ್ ಕಂಡೀಷನ್ ಕೂಲಿಂಗ್ ಟವರೂ ಇವನಿಗೆ ಮನೆ. ನಮ್ಮ ದೇಹದ ಜೀವಕೋಶದೊಳಗೇ ಅಡಗಿ ಕೂರುವುದರಿಂದ ಪೆನಿಸಿಲಿನ್ ಆಟ ನಡೆಯೋಲ್ಲ. ಆಮೇಲೆ ಲೆಕ್ಕ ತೆಗೆದು ನೋಡಿದರೆ, ಎರಿಥ್ರೊಮೈಸಿನ್ ಸಿಕ್ಕವರಲ್ಲಿ ಸಾವು ಕಡಿಮೆ. ಕೊಟ್ಟ ಡಾಕ್ಟರಿಗೂ ಆಗ ವಿಲನ್ ಯಾರೆಂದು ಗೊತ್ತಿರಲಿಲ್ಲ!

ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ “ಎದೆ ಕಟ್ಟಿದೆ, ನಾಲ್ಕು ಕ್ಯಾಪ್ಸೂಲ್ ಕೊಡಿ” ಅನ್ನೋರನ್ನು ದಿನಾ ನೋಡ್ತೀನಿ. ಯಾವ ವಿಲನ್ನಿಗೆ ಅಂತ ಕೊಡೋನಿಗೂ ಗೊತ್ತಿಲ್ಲ, ನುಂಗೋನಿಗೂ ಗೊತ್ತಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರೇ ಒಮ್ಮೊಮ್ಮೆ ಅನುಮಾನಕ್ಕೆ ಎರಡು ಬಗೆಯ ಮದ್ದು ಜೊತೆಗೆ ಬರೀತಾರೆ. ಇನ್ನು ನಾವು ಊಹಿಸೋದೇನು?

ಮನೇಲಿ ಮಗು ಕೆಮ್ಮುತ್ತಿದೆಯೇ? ಅಂಗಿ ಎತ್ತಿ, ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳು ದಾಟಿ ವರ್ಷ ತುಂಬದ ಮಗುವಿಗೆ 50, ವರ್ಷದಿಂದ 5 ವರ್ಷದೊಳಗಿನ ಮಗುವಿಗೆ 40 ಮುಟ್ಟಿದರೆ, ಮೆಡಿಕಲ್ ಸ್ಟೋರು ದಾಟಿ ನೇರ ಆಸ್ಪತ್ರೆಗೆ ನಡೀರಿ. 2 ತಿಂಗಳೊಳಗಿನ ಹಸುಗೂಸಾದರೆ ಎಣಿಸುತ್ತಾ ಕೂರಲೇಬೇಡಿ.