ಪದಕ ಕೊಟ್ಟರೆ ಉತ್ತರ ಕೊಟ್ಟಂತಲ್ಲ

ಸೇನೆಯ ವಿಷಯದಲ್ಲಿ ಪ್ರಶ್ನೆ ಕೇಳಬಾರದು, ಕೇಳಿದರೆ ಹುತಾತ್ಮರಿಗೆ ಅವಮಾನ ಎಂದು ಊರೆಲ್ಲ ಬಾಯಿ ಮುಚ್ಚಿಸುತ್ತ ತಿರುಗುವವರನ್ನು ಒಂದು ಮಾತು ಕೇಳಬೇಕಿದೆ. ಸ್ಕ್ವಾಡ್ರನ್ ಲೀಡರ್ ಸಿದ್ಧಾರ್ಥ ವಶಿಷ್ಠ ಯಾರು, ಗೊತ್ತೇ?

2019ರ ಫೆಬ್ರುವರಿ 27. ಪಾಕಿಸ್ತಾನದ ಬಾಲಾಕೋಟ್ ಮೇಲೆ ನಮ್ಮ ವಾಯುಪಡೆ ನಡೆಸಿದ ದಾಳಿಯ ಮರುದಿನ. ಪಾಕಿಸ್ತಾನದ ಯುದ್ಧವಿಮಾನಗಳೊಂದಿಗೆ ಆಕಾಶದಲ್ಲಿ ಕಾಳಗ ನಡೆದಿದ್ದ ಆ ಬೆಳಿಗ್ಗೆಯೇ ಶ್ರೀನಗರದಿಂದ ಹಾರಿದ್ದ ಎಂಐ-17 ಹೆಲಿಕಾಪ್ಟರ್ ಬಡಗಾಮ್‌ನಲ್ಲಿ ಉರಿದು ಬಿತ್ತು. ಪೈಲಟ್‌ಗಳಾದ ವಶಿಷ್ಠ, ನಿನಾದ್ ಮಾಂಡವಗಣೆ ಸೇರಿ ವಾಯುಪಡೆಯ ಆರು ಮಂದಿ ಸತ್ತರು. ನೆಲದ ಮೇಲಿದ್ದ ಸ್ಥಳೀಯನೊಬ್ಬನೂ ಸತ್ತ. ಹೊಡೆದದ್ದು ಶತ್ರುವಲ್ಲ, ನಮ್ಮದೇ ಕ್ಷಿಪಣಿ.

ಅದೇ ದಿನ ಪಾಕಿಸ್ತಾನಕ್ಕೆ ಸೆರೆಸಿಕ್ಕ ಯುದ್ಧವಿಮಾನದ ಪೈಲಟ್ ಅಭಿನಂದನ್ ಹೆಸರು ಮಕ್ಕಳ ಬಾಯಲ್ಲೂ ಇತ್ತು. ಬೆಂಗಳೂರಿನ ಸಲೂನಿನಲ್ಲಿ ಅವರಂಥ ಮೀಸೆಯನ್ನು ಪುಕ್ಕಟೆಯಾಗಿ ತಿದ್ದಿಕೊಟ್ಟರು. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಬಡಗಾಮ್‌ನ ಆರು ಮಂದಿಯ ಬಗ್ಗೆ ದೇಶಕ್ಕೆ ನಿಜ ಹೇಳಲು ಏಳು ತಿಂಗಳು ಏಕೆ ಬೇಕಾಯಿತು?

ಏಳು ತಿಂಗಳು! ಅಷ್ಟರಲ್ಲಿ ಲೋಕಸಭಾ ಚುನಾವಣೆಯ ಏಳು ಹಂತಗಳು ಮುಗಿದವು, ಫಲಿತಾಂಶ ಬಂತು, ಹೊಸ ಸರ್ಕಾರ ಕೂತಿತು. ಪ್ರಚಾರ ಸಭೆಗಳಲ್ಲಿ ಬಾಲಾಕೋಟ್ ಹೆಸರು ಮೊಳಗಿತು, ಬಡಗಾಮ್ ಹೆಸರೆತ್ತುವವರಿರಲಿಲ್ಲ. ಅಕ್ಟೋಬರ್ 4ರಂದು, ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ವಾಯುಪಡೆ ಮುಖ್ಯಸ್ಥ ಭದೌರಿಯಾ, ಇದು ನಮ್ಮದೇ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಸೇನೆಯ ಸ್ಥೈರ್ಯ ಕುಸಿಯಿತೇ? ಇಲ್ಲ. ನಾಲ್ಕು ತಿಂಗಳೊಳಗೆ, 2020ರ ಗಣರಾಜ್ಯೋತ್ಸವದ ಹೊತ್ತಿಗೆ ಇಬ್ಬರೂ ಪೈಲಟ್‌ಗಳಿಗೆ ಮರಣೋತ್ತರವಾಗಿ ವಾಯುಸೇನಾ ಪದಕ ಘೋಷಣೆಯಾಯಿತು. ನಿಜ ಹೇಳಿದ್ದರಿಂದ ಅವರ ಗೌರವ ಎಳ್ಳಷ್ಟೂ ತಗ್ಗಲಿಲ್ಲ. ಹಾಗಿದ್ದರೆ ಆ ಏಳು ತಿಂಗಳ ಮೌನ ಕಾಪಾಡಿದ್ದು ಯಾರ ಮಾನವನ್ನು?

ನಮ್ಮಲ್ಲಿ ಯೋಧ ಸತ್ತ ದಿನ ಫ್ಲೆಕ್ಸ್ ಕಟ್ಟುತ್ತಾರೆ, ವೃತ್ತಕ್ಕೆ ಹೆಸರಿಡುತ್ತಾರೆ, ಹಾರ ಹಾಕುವಾಗ ಶಾಸಕರು ಕ್ಯಾಮೆರಾ ಕಡೆ ಮುಖ ಮಾಡುತ್ತಾರೆ. ಆಮೇಲೆ ಪರಿಹಾರದ ಕಡತ ಹಿಡಿದು ಕಚೇರಿ ಅಲೆಯುವ ಹೆಂಡತಿಯ ಜೊತೆ ಒಬ್ಬರೂ ಹೋಗುವುದಿಲ್ಲ. ಟಿವಿ ಸ್ಟುಡಿಯೋದಲ್ಲಿ ಕೂತು ಯುದ್ಧಕ್ಕೆ ಹುರಿದುಂಬಿಸುವವರ ಮಕ್ಕಳು ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ.

ಹೊರಟ ಕೆಲಸ ಮಾಡುತ್ತಲೇ ಸತ್ತವರು ಆ ಆರು ಮಂದಿ. ತಮ್ಮವರ ಕ್ಷಿಪಣಿಗೆ ಬಲಿಯಾದರೆಂಬ ಕಾರಣಕ್ಕೆ ಅವರನ್ನು ಮುಜುಗರದ ವಿಷಯವೆಂಬಂತೆ ಮೂಲೆಗೆ ಸರಿಸಿದ್ದೇ ನಿಜವಾದ ಅವಮಾನ. ಬಡಗಾಮ್ ದುರಂತದ ವಿಚಾರಣಾ ವರದಿಯಲ್ಲಿ ದೇಶದ ಭದ್ರತೆಗೆ ಧಕ್ಕೆ ತರುವ ಭಾಗವಿದ್ದರೆ ತೆಗೆಯಿರಿ, ಉಳಿದದ್ದನ್ನು ಸಂಸತ್ತಿನ ಮುಂದಿಡಿ. ಫೆಬ್ರುವರಿ 27ರಂದು ಅಭಿನಂದನ್ ಅವರನ್ನು ನೆನೆಯುವ ಪ್ರತಿಯೊಬ್ಬರೂ ಈ ಬೇಡಿಕೆಗೆ ದನಿಗೂಡಿಸಬೇಕು.